ಮುಳುಗಿಸಿ ತೋರಿಸಿ

ಬೆಂಗಳೂರಿನವರು ಏನನ್ನಾದರೂ ಕೊಳ್ಳುವ ಮೊದಲು ಕೇಳುವ ಪ್ರಶ್ನೆ ಆ ವಸ್ತುವನ್ನು ಕುರಿತದ್ದಲ್ಲ, "ಗೊತ್ತಿರೋರು ಯಾರಾದ್ರೂ ಇದಾರಾ?" ಎಂಬುದು. ವಾಷಿಂಗ್ ಮಷೀನಿಗೆ ಷಡ್ಡಕನ ಸ್ನೇಹಿತ, ಬೋರ್‌ವೆಲ್ಲಿಗೆ ಮೂಡಲಪಾಳ್ಯದ ಸೋದರಮಾವ, ಹಲ್ಲು ಕೀಳಿಸಲು ಹೆಂಡತಿಯ ಸಹಪಾಠಿಯ ಮಗಳು. ನನ್ನ ಮದುವೆಯೂ ಹೀಗೆ ಗೊತ್ತಿರುವವರೊಬ್ಬರ ಮೂಲಕವೇ ಆದದ್ದು. ಅವರ ಹೆಸರನ್ನು ನನ್ನ ಹೆಂಡತಿ ಇಂದಿಗೂ ಒಂದು ವಿಶಿಷ್ಟ ಧ್ವನಿಯಲ್ಲಿ ಉಚ್ಚರಿಸುತ್ತಾಳೆ. ಒಟ್ಟಿನಲ್ಲಿ ನಮ್ಮದು ಪರಿಚಯದ ಮೇಲೆ ನಿಂತ ಸಂಸ್ಕೃತಿ. ವಸ್ತು ಕೆಟ್ಟರೆ ಬೈಯಲು ಒಂದು ಪರಿಚಿತ ಮುಖವಾದರೂ ಇರುತ್ತದೆಂಬ ಸಮಾಧಾನವೇ ನಮಗೆ ಗ್ಯಾರಂಟಿ ಕಾರ್ಡು. ಇಂಥ ಸನಾತನ ವ್ಯವಸ್ಥೆ ನನಗೆ ಒಮ್ಮೆ ಮಾತ್ರ ಪೂರ್ತಿಯಾಗಿ ಕೈಕೊಟ್ಟಿತು. ಅದು ನಾನು ದೋಣಿ ಕೊಳ್ಳಲು ಹೊರಟಾಗ.

ಬಂಧುಗಳಿಗೆಲ್ಲ ಫೋನು ಮಾಡಿದೆ. ವಿಜಯನಗರದ ಭಾವಮೈದುನ, "ಭಾವ, ಆರೋಗ್ಯವಾಗಿದೀರಾ?" ಎಂದು ಕೇಳಿದ. ಬಸವೇಶ್ವರನಗರದ ಹಳೆಯ ಸಹೋದ್ಯೋಗಿ ಬಹಳ ಹೊತ್ತು ಯೋಚಿಸಿ, ಕಾರಾದರೆ ಒಬ್ಬರು ಗೊತ್ತು, ಕುದುರೆಯಾದರೂ ಹೇಗೋ ವಿಚಾರಿಸಬಹುದು ಎಂದರು. ದೋಣಿಗೆ ಯಾರೂ ಇರಲಿಲ್ಲ. ಜೀವಮಾನವೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದ ನನಗೆ ತಪ್ಪು ಹುಡುಕುವ ಅಭ್ಯಾಸವೇನೋ ಇದೆ. ಆದರೆ ತಪ್ಪು ಹುಡುಕಬೇಕಾದರೆ ಸರಿ ಯಾವುದೆಂದು ಗೊತ್ತಿರಬೇಕು. ದೋಣಿಯ ವಿಷಯದಲ್ಲಿ ನಾನು ಅಕ್ಷರಶಃ ನಿರಕ್ಷರಿ.

ಬೆಟ್ಟದಷ್ಟು ಎತ್ತರದಲ್ಲಿರುವ ಈ ಊರಿನಲ್ಲಿ ದೋಣಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆ ಕೆಂಗೇರಿಯ ಕಡೆ, ರಾಜಕಾಲುವೆಗೆ ಬೆನ್ನು ಮಾಡಿಕೊಂಡ ಒಂದು ತಗ್ಗಿನ ಬೀದಿಯಲ್ಲಿದೆ. ಬೀದಿಯ ಸಂಘದ ಅಧ್ಯಕ್ಷರಾದ ಕೃಷ್ಣೇಗೌಡರು ಇಲ್ಲಿನ ಮೂಲ ಊರಿನವರು; ಅವರ ಮನೆತನದ ಗದ್ದೆಗಳೇ ಈಗ ನಮ್ಮ ನಿವೇಶನಗಳು. ಕಳೆದ ಮಳೆಗಾಲದ ಒಂದು ಬೆಳಗ್ಗೆ ಹಾಲಿನ ಪ್ಯಾಕೆಟ್ಟುಗಳು ಬೀದಿಯಲ್ಲಿ ತಾವಾಗಿಯೇ ತೇಲಿ ಹೋಗುತ್ತಿದ್ದಾಗ ಅವರು ಮಹಡಿಯ ಮೇಲೆ ನಿಂತು, "ಇಲ್ಲಿ ನಮ್ಮ ತಾತ ಭತ್ತ ನಾಟಿ ಮಾಡ್ತಿದ್ರು ಸಾರ್, ನೀರು ತನ್ ಜಾಗಕ್ಕೆ ತಾನು ಬಂದೈತೆ," ಎಂದು ಒಂದು ಬಗೆಯ ಹೆಮ್ಮೆಯಿಂದ ಹೇಳಿದರು. ಈ ವಿಷಯವನ್ನು ನಿವೇಶನ ಮಾರುವಾಗ ಯಾಕೆ ಹೇಳಲಿಲ್ಲವೆಂದು ಕೇಳುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ಏಕೆಂದರೆ ಎದುರು ಮನೆಯ ನೆಲಮಹಡಿಯಲ್ಲಿ ರತ್ನಮ್ಮನವರಿದ್ದರು. ರಾಜಾಜಿನಗರದಲ್ಲಿ ಬಹಳ ವರ್ಷ ಹೊಲಿಗೆ ತರಗತಿ ನಡೆಸಿದವರು, ಒಂಟಿಯಾಗಿರುವವರು, ಮಂಡಿಯ ನೋವಿನಿಂದ ನಡೆಯಲಾರದವರು, ಆದರೆ ಬೀದಿಯಲ್ಲಿ ಯಾರ ರವಿಕೆಯ ತೋಳು ಓರೆಯಾಗಿದೆ ಎಂಬುದನ್ನು ಕಿಟಕಿಯಿಂದಲೇ ಕಂಡು ಕೂಗಿ ಹೇಳುವವರು. ನೀರು ಅವರ ಮಂಚದ ಎತ್ತರಕ್ಕೆ ಬಂದಿತ್ತು. ನಾವು ಎರಡು ನೀಲಿ ಡ್ರಮ್ಮುಗಳಿಗೆ ಒಂದು ಬಾಗಿಲನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು, ಅದರ ಮೇಲೆ ಅವರನ್ನು ಕೂರಿಸಿ, ಸೊಂಟಮಟ್ಟದ ನೀರಿನಲ್ಲಿ ತಳ್ಳಿಕೊಂಡು ಹೊರಟೆವು. "ಏನೂ ಆಗಲ್ಲ ರತ್ನಮ್ಮ," ಎಂದರು ಗೌಡರು. "ಏನೂ ಆಗಲ್ಲ," ಎಂದೆ ನಾನು. ಹಿಂದಿನಿಂದ ತಳ್ಳುತ್ತಿದ್ದವರೂ ಅದನ್ನೇ ಅಂದರು. ತಿರುವಿನಲ್ಲಿ ಒಂದು ಡ್ರಮ್ಮು ಹಗ್ಗದಿಂದ ಜಾರಿ ಪಕ್ಕಕ್ಕೆ ಪುಟಿಯಿತು, ಬಾಗಿಲು ಮಗುಚಿತು, ರತ್ನಮ್ಮ ಇರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿದ್ದಿದರೂ ಅದು ಬದಲಾಗುವುದಿಲ್ಲ. ಕಂದು ನೀರು, ಅದರ ಮೇಲೆ ಹಸಿರು ಬಳೆಗಳ ಒಂದು ಕೈ, ಮತ್ತೇನೂ ಇಲ್ಲ. ಬಹಳ ಹೊತ್ತಲ್ಲ, ಉಸಿರು ಒಮ್ಮೆ ಒಳಗೆಳೆದು ಬಿಡುವಷ್ಟು ಹೊತ್ತು. ಗೌಡರು ಆ ಕೈಯನ್ನು ಹಿಡಿದೆತ್ತಿದರು. ರತ್ನಮ್ಮ ಕೆಮ್ಮಿ, ಉಗಿದು, ಮೊದಲು ಆಡಿದ ಮಾತು, "ನನ್ನ ಕನ್ನಡಕ!" ಎಲ್ಲರೂ ನಕ್ಕೆವು, ನಗದಿದ್ದರೆ ಅತ್ತುಬಿಡುತ್ತಿದ್ದೆವು. ಅಂದಿನಿಂದ ಬಕೆಟ್ಟು ತುಂಬಿ ಹರಿಯುವ ಶಬ್ದ ಕೇಳಿದರೆ ನಾನು ಎಲ್ಲಿದ್ದರೂ ಓಡಿಹೋಗಿ ನಲ್ಲಿ ನಿಲ್ಲಿಸುತ್ತೇನೆ. ಹೆಂಡತಿ ಇದನ್ನು ನನ್ನ ಜಲಸಂರಕ್ಷಣಾ ಪ್ರಜ್ಞೆ ಎಂದು ನೆಂಟರೆದುರು ಹೊಗಳುತ್ತಾಳೆ.

ಮೈಸೂರಿನಲ್ಲಿರುವ ರತ್ನಮ್ಮನ ಮಗಳು ಸುಮಾ ಸುದ್ದಿ ತಿಳಿದು ಅಂದೇ ಬಂದಳು. ಮುಂದಿನ ಮಳೆಗಾಲದೊಳಗೆ ಅಮ್ಮ ಮನೆ ಖಾಲಿ ಮಾಡಿ ತನ್ನ ಜೊತೆ ಬರಬೇಕೆಂದಳು. ರತ್ನಮ್ಮನಿಗೆ ಮೈಸೂರು ಬೇಡ. ಮಗಳ ಮೇಲೆ ಕೋಪವಿಲ್ಲ, ಅಳಿಯನ ಮೇಲೆ ದೂರಿಲ್ಲ. ಆದರೆ ಅಲ್ಲಿನ ಐದನೆಯ ಮಹಡಿಯ ಕಿಟಕಿಯಿಂದ ಯಾರ ತೋಳೂ ಕಾಣುವುದಿಲ್ಲ. ಕೊನೆಗೆ ಬೀದಿಯವರ ಎದುರಿಗೇ ಒಪ್ಪಂದವಾಯಿತು: ಸಂಘದವರು ಒಂದು ದೋಣಿ ತಂದು ಅವರ ಮನೆಯ ಗೋಡೆಗೆ ಕಟ್ಟಿಡಬೇಕು. "ಆದ್ರೆ ಅಮ್ಮ, ಆ ಬೋಟನ್ನ ನೀನು ನಂಬಬೇಕು. ಸಂಘದೋರು ನಂಬಿದ್ರೆ ಆಗಲ್ಲ. ನೀನು ಹೂಂ ಅಂದ್ರೆ ಇಲ್ಲಿರು, ಉಹೂಂ ಅಂದ್ರೆ ಲಾರಿ ಕಳಿಸ್ತೀನಿ," ಎಂದಳು ಸುಮಾ. ಜಾಗರೂಕ ಮನುಷ್ಯನೆಂಬ ನನ್ನ ಅಪಖ್ಯಾತಿಯಿಂದಾಗಿ ದೋಣಿ ಹುಡುಕುವ ಭಾರ ನನ್ನ ಹೆಗಲೇರಿತು. ರತ್ನಮ್ಮ ಮನೆಯಲ್ಲಿ ಕುಳಿತು ತೀರ್ಪು ಹೇಳುವವರಲ್ಲ. ಪ್ರತಿ ಸಲವೂ ನನ್ನ ಮತ್ತು ಗೌಡರ ಜೊತೆ ಹೊರಟರು.

ಮೊದಲು ಹೋದದ್ದು ರಾಜಾಜಿನಗರದ ಒಂದು ಷೋರೂಮಿಗೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ಮೇಲೆ ನೀಲಿ ಸಮುದ್ರದ ಚಿತ್ರ. ಟೈ ಕಟ್ಟಿದ ಮ್ಯಾನೇಜರು ಗಾಳಿ ತುಂಬುವ ದೋಣಿ, ಮಡಚುವ ದೋಣಿ, ಮೋಟಾರಿನ ದೋಣಿ ಎಲ್ಲವನ್ನೂ ತೋರಿಸಿದರು. ಗೌಡರು ಮೈಲೇಜು ಕೇಳಿದರು. ನಾನು ಅಭ್ಯಾಸಬಲದಿಂದ ದೋಣಿಯ ಪಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿದೆ. ಕಲ್ಲಂಗಡಿ, ತೆಂಗಿನಕಾಯಿ, ಮಡಕೆ ಯಾವುದನ್ನು ಕೊಂಡರೂ ನಾವು ತಟ್ಟುತ್ತೇವೆ. ತಟ್ಟಿದ ಮೇಲೆ ಗಂಭೀರವಾಗಿ ತಲೆದೂಗುತ್ತೇವೆ. ಆ ಶಬ್ದದಿಂದ ಏನು ತಿಳಿಯಿತೆಂದು ನಮಗೇ ಗೊತ್ತಿರುವುದಿಲ್ಲ. ರತ್ನಮ್ಮ ಮಾತ್ರ ಕುರ್ಚಿಯಲ್ಲಿ ಕೂತು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಕೇಳಿದರು:

"ಇದು ಮುಳುಗಿದ್ರೆ ಏನಾಗತ್ತೆ?"

ಹೊಸ ವಸ್ತುವಿನ ಎದುರು ಕೆಟ್ಟ ಮಾತು ಆಡಬಾರದು ಎಂಬುದು ನಮ್ಮಲ್ಲಿ ಯಾರೂ ಬರೆದಿಡದ, ಯಾರೂ ಮುರಿಯದ ಕಾನೂನು. ಹೊಸ ಸ್ಕೂಟರಿನ ಮುಂದೆ ನಿಂಬೆಹಣ್ಣು ಇಟ್ಟು ಹತ್ತಿಸುವಾಗ ಬ್ರೇಕಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಗೃಹಪ್ರವೇಶದ ಮನೆಯಲ್ಲಿ ಗೋಡೆಯ ಬಿರುಕು ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರ ಬಾಯಿಗೂ ಬರುವುದಿಲ್ಲ. ಗೌಡರು ಮೆಲ್ಲಗೆ, "ಬುಡ್ತು ಅನ್ನಿ ರತ್ನಮ್ಮ, ಅಂಗ್ಡೀಲಿ ಅಂಥ ಮಾತಾಡ್ಬಾರ್ದು," ಎಂದು ಗದರಿದರು. ಮ್ಯಾನೇಜರು ನಗುತ್ತ, "ಮುಳುಗೋ ಪ್ರಶ್ನೇನೇ ಇಲ್ಲ ಆಂಟಿ. ಏನೂ ಆಗಲ್ಲ," ಎಂದರು.

ರತ್ನಮ್ಮ ಎದ್ದುಬಿಟ್ಟರು. ಅಂದರೆ, ಏಳಿಸಿ ಎಂದು ನನ್ನತ್ತ ಕೈಚಾಚಿದರು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಹೇಳಿದರು: "ಏನೂ ಆಗಲ್ಲ ಅಂತ ಕೇಳ್ಕೊಂಡೇ ನಾನು ಒಂದ್ಸಲ ನೀರೊಳಗೆ ಹೋಗಿ ಬಂದಿದೀನಿ. ಆ ಮಾತು ಅಂದೋರ ಹತ್ರ ನಂಗೆ ಬೋಟು ಬೇಡ." ನಾನೂ ಗೌಡರೂ ಆಟೋದ ಎರಡು ಬದಿಗಳಿಂದ ರಸ್ತೆಯನ್ನು ಬಹಳ ಆಸಕ್ತಿಯಿಂದ ನೋಡಿದೆವು.

ಎರಡನೆಯವನು ಲೋಕೇಶ. ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ, ಗಾರ್ಮೆಂಟ್ಸ್ ಘಟಕದ ಪಕ್ಕದಲ್ಲಿ, ಅವನ ಫೈಬರ್ ಕಾರ್ಖಾನೆ. ಅಲ್ಲಿ ಪಾರ್ಕಿನ ಜಾರುಬಂಡೆ, ಬಾಯಿ ತೆರೆದ ಪೆಂಗ್ವಿನ್ ಕಸದ ಬುಟ್ಟಿ, ಮದುವೆ ಮಂಟಪದ ಆನೆ, ರೆಸಾರ್ಟಿನ ದೋಣಿ ಎಲ್ಲವೂ ಒಂದೇ ಬಗೆಯ ಅಂಟಿನ ವಾಸನೆಯಲ್ಲಿ ಸಮಾನತೆಯಿಂದ ಬಾಳುತ್ತಿದ್ದವು. ಲೋಕೇಶ ಮಾತಿನ ಮಲ್ಲ. ತನ್ನ ದೋಣಿ ಕಾವೇರಿಯಲ್ಲಿದೆ, ಕಬಿನಿಯಲ್ಲಿದೆ, ಆನೆ ಗುದ್ದಿದರೂ ಅದಕ್ಕೆ ಏನೂ ಆಗಿಲ್ಲ, ಆನೆಗೇ ಪೆಟ್ಟಾಯಿತು ಎಂದೆಲ್ಲ ಹೇಳಿದ. ನನಗೆ ಅವನ ಮೇಲೆ ಎಳ್ಳಷ್ಟೂ ನಂಬಿಕೆ ಹುಟ್ಟಲಿಲ್ಲ. ಅವನ ಮಾತಿನಲ್ಲಿ ತಿದ್ದಬೇಕಾದ ಜಾಗಗಳು ನನಗೆ ಸಾಲುಸಾಲಾಗಿ ಕಾಣುತ್ತಿದ್ದವು. ರತ್ನಮ್ಮ ಎಂದಿನಂತೆ ಕೇಳಿದರು:

"ಮುಳುಗಿದ್ರೆ?"

ಲೋಕೇಶ ತಲೆ ಕೆರೆದುಕೊಂಡ. "ಮುಳುಗಿದ್ರೂ ತೇಲ್ಬೇಕು ಅಮ್ಮ. ಈ ಸೀಟುಗಳಿದಾವಲ್ಲ, ಇವು ಮುಚ್ಚಿದ ಪೆಟ್ಗೆ. ಒಳಗೆ ಫೋಮ್ ತುಂಬಿರತ್ತೆ. ಬೋಟ್ ತುಂಬ ನೀರಾದ್ರೂ ಅದು ಹಿಡ್ಕೊಂಡಿರತ್ತೆ."

"ಹಾಗಾದ್ರೆ ಮುಳುಗಿಸಿ ತೋರ್ಸಿ."

"ಏನು?"

"ನೀವು ಕಿವೀಲಿ ಆನೆ ಹೋಗೋ ಹಾಗೆ ಮಾತಾಡ್ತೀರ. ನಂಗೆ ಆನೆ ಬೇಡ. ನೀರು ತುಂಬ್ಸಿ ತೋರ್ಸಿ."

ಗೌಡರು ಕಣ್ಣು ಮುಚ್ಚಿಕೊಂಡರು. ಲೋಕೇಶ ಮಾತ್ರ ಗಹಗಹಿಸಿ ನಕ್ಕು, "ಇಷ್ಟ್ ವರ್ಷದಲ್ಲಿ ಬೋಟಿಗೆ ಕುಂಕುಮ ಹಚ್ಚೋರ್ ಬಂದವ್ರೆ, ಮುಳುಗ್ಸಿ ಅನ್ನೋರ್ ಯಾರೂ ಬಂದಿರ್ಲಿಲ್ಲ. ಆಯ್ತು, ಭಾನುವಾರ ಬನ್ನಿ. ನಮ್ ಮಾವನ್ ಊರಲ್ಲಿ ಕಟ್ಟೆ ಐತೆ," ಎಂದ.

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಒಳಗೆ ಹೋದರೆ ಆ ಊರು. ಕಟ್ಟೆಗೆ ಕಲ್ಲಿನ ಮೆಟ್ಟಿಲುಗಳಿದ್ದವು; ಮೆಟ್ಟಿಲ ಬಳಿ ನೀರು ಸೊಂಟಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಭಾನುವಾರವಾದ್ದರಿಂದ ದನ ತೊಳೆಯಲು ಬಂದವರು ಒಂದಷ್ಟು ಜನ ಸೇರಿದರು. ನಾವು ಹೊಸ ದೋಣಿಯನ್ನು ಟೆಂಪೋದಿಂದ ಇಳಿಸಿ, ನೀರಿಗೆ ಬಿಟ್ಟು, ಅದಕ್ಕೇ ಬಕೆಟ್ಟಿನಿಂದ ನೀರು ಸುರಿಯತೊಡಗಿದಾಗ ಅವರಲ್ಲೊಬ್ಬ ಹಿರಿಯರು ಎಮ್ಮೆಯ ಬೆನ್ನುಜ್ಜುವುದನ್ನು ನಿಲ್ಲಿಸಿ, "ದುಡ್ ಕೊಟ್ ತಂದು ಮುಳುಗಿಸ್ತಾವ್ರಲ್ಲೋ! ಬೆಂಗ್ಳೂರೋರ್ಗೆ ಭಾನುವಾರ ಹೊತ್ತೋಗಲ್ಲ ಅಂತ ಕಾಣ್ತದೆ," ಎಂದರು. ರತ್ನಮ್ಮ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ದೋಣಿ ಅರ್ಧ ತುಂಬಿತು, ಮುಕ್ಕಾಲು ತುಂಬಿತು, ಅಂಚಿನವರೆಗೂ ತುಂಬಿತು. ಒಂದು ಗಳಿಗೆ ಹಾಗೇ ನಿಂತಿತು. ಲೋಕೇಶ ನಮ್ಮತ್ತ ತಿರುಗಿ ಎರಡೂ ಕೈ ಚಾಚಿ, ಹೇಗೆ, ಎಂಬಂತೆ ನೋಡಿದ. ಅವನ ಬೆನ್ನ ಹಿಂದೆ ದೋಣಿಯ ಹಿಂಭಾಗ ನಿಧಾನವಾಗಿ, ಸಂಕೋಚದಿಂದೆಂಬಂತೆ ಕೆಳಗಿಳಿಯಿತು. ಗುಳುಗುಳು ಸದ್ದಾಯಿತು. ಹಿಂಭಾಗ ಕೆಸರಿನಲ್ಲಿ ಕೂತು, ಮೂತಿಯೊಂದನ್ನೇ ಮೇಲೆತ್ತಿ ದೋಣಿ ನಿಂತಾಗ, ಪಕ್ಕದಲ್ಲಿ ಮೀಯುತ್ತಿದ್ದ ಎಮ್ಮೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಲೋಕೇಶನೇ ಮೊದಲು, "ನೀವು ಬಕೆಟ್ ಜೋರಾಗ್ ಹುಯ್ದ್ರಿ," ಎಂದ.

"ಜೋರಾಗ್ ಹುಯ್ದ್ರೂ ಮೆಲ್ಲಗ್ ಹುಯ್ದ್ರೂ ನೀರು ನೀರೇ ಅಲ್ವೇನಯ್ಯ!" ಎಂದರು ಗೌಡರು.

ಲೋಕೇಶ ಪ್ಯಾಂಟು ಮಡಚುವುದನ್ನೂ ಮರೆತು ನೀರಿಗಿಳಿದ. ದೋಣಿಯನ್ನು ದಡಕ್ಕೆಳೆಸಿ, ವಾಲಿಸಿ ನೀರು ಚೆಲ್ಲಿಸಿ, ಹಿಂದಿನ ಸೀಟನ್ನು ಟೆಂಪೋದಲ್ಲಿದ್ದ ಗರಗಸದಿಂದ ಕೊಯ್ದ. ಒಳಗಿನಿಂದ ನೀರು ಸುರಿಯಿತು, ಫೋಮ್ ಇರಲಿಲ್ಲ. ಅವನು ಆ ಖಾಲಿ ಪೆಟ್ಟಿಗೆಯೊಳಗೆ ಕೈಹಾಕಿ ತಡಕಾಡಿ ನೋಡಿದ, ಏನೋ ಕಳೆದುಕೊಂಡವನಂತೆ. "ಮದ್ವೆ ಮಂಟಪದ ಆರ್ಡರ್ ಟೈಮು... ಗಡಿಬಿಡೀಲಿ ತುಂಬ್ದೇ ಮುಚ್ಚಿದೀವಿ. ನಾನೇ ನಿಂತ್ಕೊಂಡ್ ಮುಚ್ಚಿಸಿದ್ದು," ಎಂದ. ಆಮೇಲೆ ಅವನ ಮುಖ ಬೇರೆಯಾಯಿತು. ಜೇಬಿನಿಂದ ಫೋನು ತೆಗೆದ. ಅದು ಒದ್ದೆಯಾಗಿತ್ತು. ನನ್ನ ಫೋನು ಇಸಿದುಕೊಂಡು ಯಾವುದೋ ರೆಸಾರ್ಟಿಗೆ ಕರೆ ಮಾಡಿದ. ನಾವೆಲ್ಲ ನಿಂತಲ್ಲೇ ಕೇಳಿದೆವು.

"ಅಣ್ಣ, ಲೋಕೇಶ. ಹೋದ್ ತಿಂಗ್ಳು ಕೊಟ್ಟಿದ್ನಲ್ಲ ಎರಡ್ ಬೋಟು, ನೀರಿಂದ ಮೇಲಕ್ಕೆ ಎಳ್ಸಿ. ಈಗ್ಲೇ... ಇಲ್ಲಣ್ಣ, ತಮಾಷೆ ಅಲ್ಲ. ಜನ ಕೂತಿದ್ರೆ ಇಳ್ಸಿ. ಸೀಟಲ್ಲಿ ಫೋಮ್ ಇಲ್ದೇ ಇರ್ಬೋದು... ಬೈರಿ, ನಾಳೆ ಬಂದು ಎದುರಿಗೇ ನಿಂತ್ಕೋತೀನಿ, ಆಗ ಬೈರಿ. ಈಗ ಎಳ್ಸಿ."

ಆ ಕಡೆಯ ಬೈಗುಳ ನಮಗೂ ಕೇಳಿಸುವಷ್ಟು ಸ್ಫುಟವಾಗಿತ್ತು. ಅವನು ಅದನ್ನು ಪೂರ್ತಿ ಕೇಳಿಸಿಕೊಂಡು, ಫೋನನ್ನು ತನ್ನ ಅಂಗಿಗೆ ಒರೆಸಿ ನನಗೆ ಮರಳಿಸಿದ. ಅಂಗಿಯೂ ಒದ್ದೆಯಾಗಿತ್ತು ಎಂಬುದು ಬೇರೆ ವಿಷಯ.

ಹಿಂದಿರುಗುವಾಗ ಕಾರಿನಲ್ಲಿ ಗೌಡರು, "ಮುಗೀತು ಬಿಡಿ. ನಮ್ಮೆದುರಿಗೇ ಮುಳುಗೋಯ್ತು. ಬೇರೆ ಯಾರಾದ್ರೂ ಗೊತ್ತಿರೋರ್ನ ನೋಡಣ," ಎಂದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಮುಳುಗುವ ದೋಣಿಯನ್ನು ಮಾರುವವನಿಂದಲೇ ಇನ್ನೊಂದು ದೋಣಿ ಕೊಳ್ಳುವುದು ಯಾವ ತರ್ಕಕ್ಕೂ ಹೊಂದದು. ಆದರೆ ರತ್ನಮ್ಮ ಕಿಟಕಿಯಾಚೆ ನೋಡುತ್ತ, "ನಂಗೆ ಲೋಕೇಶನ ಬೋಟೇ ಆಗ್ಬೇಕು," ಎಂದರು.

"ಅಲ್ಲಾ ರತ್ನಮ್ಮ, ಅದು ಮುಳುಗ್ತಲ್ಲ!"

"ಹೊಲಿಗೆ ಕ್ಲಾಸಲ್ಲಿ ನಾನು ಹುಡ್ಗೀರ ರವಿಕೆ ಮೊದ್ಲು ಒಳಮೈ ತಿರುಗಿಸ್ತಿದ್ದೆ ಗೌಡ್ರೇ. ತಿರುಗಿಸೋಕೆ ಬಿಡ್ದೇ ಇದ್ದೋಳು ಕಳ್ಳಿ. ಬಿಟ್ಟೋಳ ಹೊಲಿಗೆ ಸೊಟ್ಟ ಇದ್ರೂ ಬಿಚ್ಚಿ ಹೊಲೀಬೋದು. ಆ ಷೋರೂಮಿನೋರ ಬೋಟಲ್ಲಿ ಏನಿದೆ ಅಂತ ಅವ್ರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇವನದು ಗೊತ್ತಾಯ್ತಲ್ಲ."

ನಾನು ಆ ರಾತ್ರಿ ಈ ಮಾತನ್ನು ಮೆಲುಕು ಹಾಕಿದೆ. ಪರಿಚಿತರನ್ನೇ ಹುಡುಕಿಕೊಂಡು ಹೋಗುವ ನಾವು ನಿಜಕ್ಕೂ ಬಯಸುವುದು ನಂಬಿಕೆಯನ್ನೋ ಅಥವಾ ನಂಬುವ ಶ್ರಮದಿಂದ ಬಿಡುಗಡೆಯನ್ನೋ? "ಏನೂ ಆಗಲ್ಲ" ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತೇವೆ, ಹೇಳಿದೊಡನೆ ಜೇಬಿಗೆ ಕೈ ಹಾಕುತ್ತೇವೆ. ವೈದ್ಯರು, ವಕೀಲರು, ಗುತ್ತಿಗೆದಾರರು, ಜ್ಯೋತಿಷಿಗಳು, ನಿವೇಶನ ಮಾರುವ ಗೌಡರು, ಎಲ್ಲರಿಂದಲೂ ನಾವು ಕೊಂಡದ್ದು ಆ ಎರಡು ಪದಗಳನ್ನೇ. ಲೋಕೇಶ ಆನೆಯ ಕತೆ ಹೇಳಿ ಸುಳ್ಳುಗಾರನೆನಿಸಿಕೊಂಡ; ಆದರೆ ಪರೀಕ್ಷೆಯ ಗಳಿಗೆ ಬಂದಾಗ ಅವನ ಬಾಯಿಂದ ಬಂದದ್ದು "ಜನ ಕೂತಿದ್ರೆ ಇಳ್ಸಿ" ಎಂಬ ಮಾತು. ಮಾತಿನ ತಪ್ಪುಗಳನ್ನು ತಿದ್ದುವುದರಲ್ಲೇ ಆಯುಷ್ಯ ಕಳೆದ ನನಗೆ, ತಪ್ಪಿಲ್ಲದ ಒಂದು ವಾಕ್ಯ ಎದುರಿಗೇ ಹಾದುಹೋದರೂ ಗುರುತು ಸಿಕ್ಕಿರಲಿಲ್ಲ.

ಮಳೆಗಾಲಕ್ಕೆ ಸ್ವಲ್ಪವೇ ಮುಂಚೆ ಲೋಕೇಶ ಇನ್ನೊಂದು ದೋಣಿ ಸಿದ್ಧಮಾಡಿದ. ಈ ಸಲ ಸೀಟುಗಳನ್ನು ಮುಚ್ಚುವ ಮೊದಲೇ ನಮ್ಮನ್ನು ಕಾಮಾಕ್ಷಿಪಾಳ್ಯಕ್ಕೆ ಕರೆಸಿ ಫೋಮ್ ತೋರಿಸಿದ. ರತ್ನಮ್ಮ ಅದನ್ನು ಬೆರಳಿನಿಂದ ಒತ್ತಿ, ಹೊಲಿಗೆಯಿಲ್ಲದ ಕಡೆಯೂ ಹೊಲಿಗೆ ಹುಡುಕಿ, ಒಪ್ಪಿದರು. ಮತ್ತೆ ಭಾನುವಾರ, ಮತ್ತೆ ಅದೇ ಕಟ್ಟೆ. ಸುದ್ದಿ ಹಬ್ಬಿದ್ದರಿಂದ ಈ ಸಲ ಊರೇ ಸೇರಿತ್ತು. ಕಡಲೆಕಾಯಿ ಮಾರುವವರೂ ಒಬ್ಬರು ಬಂದಿದ್ದರು. ಬಕೆಟ್ಟುಗಳನ್ನು ಎತ್ತಿಕೊಂಡಾಗ ರತ್ನಮ್ಮ, "ತಡೀರಿ, ನನ್ನ ಕೂರ್ಸಿ, ಆಮೇಲೆ ತುಂಬ್ಸಿ," ಎಂದರು.

ಲೋಕೇಶ ಬೇಡವೆಂದ. ಗೌಡರು ಬೇಡವೇ ಬೇಡವೆಂದರು. "ಖಾಲಿ ಬೋಟು ತೇಲಿದ್ರೆ ಬೋಟಿಗೆ ಸಂತೋಷ. ನಂಗೇನು?" ಎಂದರು ರತ್ನಮ್ಮ. ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿದೆವು. ನಾಲ್ವರು ಕುರ್ಚಿಯ ಸಮೇತ ಎತ್ತಿ ದೋಣಿಯೊಳಗೆ ಇಳಿಸಿದರು. ಲೋಕೇಶ ಮತ್ತು ಗೌಡರು ನೀರಿನಲ್ಲಿ ಇಬ್ಬದಿಗೂ ನಿಂತರು. ದೋಣಿಗೆ ಕಟ್ಟಿದ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, ದಡದಲ್ಲೇ ನಿಲ್ಲಿ, ಎಂದರು. ಲೋಕೇಶ ಬಾಯಿ ತೆರೆದು, "ಅಮ್ಮ, ಏನೂ..." ಎಂದವನು ಅವರ ಮುಖ ನೋಡಿ, "...ಏನಾದ್ರೂ ಆದ್ರೆ ನನ್ ಹೆಗಲು ಹಿಡ್ಕೊಳ್ಳಿ," ಎಂದ.

ನೀರು ಸುರಿಯತೊಡಗಿದರು. ರತ್ನಮ್ಮನ ಪಾದ ಮುಳುಗಿತು, ಮೊಣಕಾಲು ಮುಳುಗಿತು. ಸೀರೆ ಉಬ್ಬಿ ಸುತ್ತಲೂ ತೇಲಿತು. ದೋಣಿ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಅದರ ಅಂಚೂ ಕಟ್ಟೆಯ ನೀರೂ ಒಂದೇ ಆಗಿ, ದೋಣಿ ಎಂಬುದೇ ಕಾಣದೆ, ನೀರಿನ ನಡುವೆ ಸೊಂಟದವರೆಗೆ ರತ್ನಮ್ಮ ಮಾತ್ರ ಕೂತಿದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ಜಾಕೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ನಿಧಾನವಾಗಿ ಹಿಡಿತ ಸಡಿಲಿತು. ಆಮೇಲೆ ಆ ಕೈ ಮೇಲೆದ್ದಿತು. ಅದು ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿತು, ಅಷ್ಟೆ. ಗೌಡರು, "ಸಾರ್, ನೀವ್ಯಾಕ್ ಇಳಿದ್ರಿ?" ಎಂದಾಗಲೇ ನೋಡಿಕೊಂಡೆ. ದಡದಲ್ಲಿರಬೇಕಾದ ನಾನು ಸೊಂಟಮಟ್ಟದ ನೀರಿನಲ್ಲಿದ್ದೆ.

ದಡದಲ್ಲಿ ಚಪ್ಪಾಳೆ ಬಿತ್ತು. ಎಮ್ಮೆಯ ಹಿರಿಯರು, "ಅಜ್ಜಿ ಕಟ್ಟೇಲಿ ಕೂತ್ಕೊಂಡು ಸಾಮ್ರಾಜ್ಯ ಆಳ್ತಾವ್ಳೆ ನೋಡ್ರಲಾ!" ಎಂದು ಕೂಗಿದರು. ಲೋಕೇಶ ಕಣ್ಣೊರೆಸಿಕೊಂಡು, ನೀರು ಎರಚಿತು ಎಂದ. ರತ್ನಮ್ಮ ನನ್ನನ್ನು ಕರೆದು ಫೋನು ಕೇಳಿದರು. ಪುಣ್ಯಕ್ಕೆ ಅದು ಅಂಗಿಯ ಮೇಲಿನ ಜೇಬಿನಲ್ಲಿತ್ತು. ಸುಮಾಳಿಗೆ ಕರೆ ಮಾಡಿ ಅವರ ಕಿವಿಗೆ ಹಿಡಿದೆ.

"ಸುಮಾ, ಲಾರಿ ಬೇಡ ಕಣೇ," ಎಂದರು. ಆ ಕಡೆಯಿಂದ ಏನೋ ಗಾಬರಿಯ ಪ್ರಶ್ನೆ ಬಂತು. "ಬೋಟಾ? ಬೋಟು ಪೂರ್ತಿ ಮುಳುಗಿದೆ. ಹ್ಞೂಂ, ಒಳಗೇ ಕೂತ್ಕೊಂಡು ಮಾತಾಡ್ತಿದೀನಿ."